ಟೋಪಿ ಕೂತಿದ್ದ ಕುರ್ಚಿ

ವೇಗದ ಬೌಲರನಿಗೆ ಸಾಕ್ಷಿ ಇರಲಿಲ್ಲ. ಉಳಿದ ಒಂಬತ್ತು ಜನಕ್ಕೂ ಇತ್ತು, ಅದೂ ತಲೆಗೆ ಎಂಟೆಂಟರಂತೆ.

ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ನಿಂತ ಇನ್‌ಸ್ಪೆಕ್ಟರ್ ಈ ಲೆಕ್ಕವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ತಿರುವಿ ಹಾಕಿದ. ಎಷ್ಟು ತಿರುವಿದರೂ ಅದು ಮಗ್ಗಲು ಬದಲಿಸಲಿಲ್ಲ.

ಮೊನ್ನೆ ಸೆಮಿಫೈನಲ್‌ನ ಮೂರನೆಯ ದಿನ, ಊಟಕ್ಕೂ ಟೀಗೂ ನಡುವೆ, ತಂಡದ ಕೋಚ್ ಕೆಳಗಿನ ಕಿಟ್ ಕೋಣೆಯಲ್ಲಿ ಸತ್ತು ಬಿದ್ದಿದ್ದರು. ಆಟಗಾರರು ಅವರನ್ನು ಕರೆಯುತ್ತಿದ್ದದ್ದು ಮೇಷ್ಟ್ರು ಎಂದು. ತಲೆಯ ಹಿಂದೆ ಒಂದೇ ಏಟು. ಭುಜದ ಆಪರೇಷನ್ ಆಗಿ ಬಲಗೈಯನ್ನು ಪಟ್ಟಿಯಲ್ಲಿ ಕೊರಳಿಗೆ ತೂಗುಹಾಕಿಕೊಂಡಿದ್ದ ಮುದುಕ. ತಲೆ ಕಾಯ್ದುಕೊಳ್ಳಲು ಕೈ ಎತ್ತುವ ಹಾಗೂ ಇರಲಿಲ್ಲ. ಗಾಯದಲ್ಲಿ ಕ್ರಿಕೆಟ್ ಚೆಂಡಿನ ಹೊಲಿಗೆಯ ಅಚ್ಚು ಮೂಡಿತ್ತು.

ಚೆಂಡು ಎಂದ ಮೇಲೆ ಕೈ ಯಾರದ್ದೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದೇ ಬೆಳಿಗ್ಗೆ ಇಡೀ ಪೆವಿಲಿಯನ್‌ಗೆ ಕೇಳುವಂತೆ ಮೇಷ್ಟ್ರ ಜೊತೆ ಜಗಳಕ್ಕೆ ನಿಂತವನು ವೇಗದ ಬೌಲರ್. ಅವನ ಎತ್ತರ ನೋಡಿ ತಂಡದವರು ಇಟ್ಟ ಹೆಸರು ಏಣಿ. ಊದಿದ ಪಾದಕ್ಕೆ ಇಂಜೆಕ್ಷನ್ ಹಾಕಿಸಿಕೊಂಡು ಬೌಲ್ ಮಾಡು ಎಂದು ಅವರು, ಕಾಲು ಕತ್ತರಿಸಿಕೊಟ್ಟರೂ ಹಾಕಿಸಿಕೊಳ್ಳಲ್ಲ ಎಂದು ಇವನು. ಮೇಷ್ಟ್ರು ಸಾಯುವ ಹೊತ್ತಿನಲ್ಲಿ ಏಣಿ ಫಿಸಿಯೋ ಕೋಣೆಯ ಮೇಜಿನ ಮೇಲೆ ಕಾಲಿಗೆ ಐಸ್ ಕಟ್ಟಿಕೊಂಡು ಒಬ್ಬನೇ ಮಲಗಿದ್ದ. ಫಿಸಿಯೋ ಬೌಂಡರಿ ಗೆರೆಯ ಹತ್ತಿರ ಮೀಸಲು ಆಟಗಾರರ ಜೊತೆ ಕೂತಿದ್ದ. ಮೇಜು ಬಿಟ್ಟು ಏಳಲಿಲ್ಲ ಎಂದು ಏಣಿ ಹೇಳಿದ. ಆ ಮಾತಿಗೆ ಐಸ್ ಒಂದೇ ಸಾಕ್ಷಿ, ಅದೂ ಕರಗಿಹೋಗಿತ್ತು.

ಎರಡು ದಿನದಿಂದ ವಿಚಾರಣೆಯ ಹೆಸರಲ್ಲಿ ಲಾಕಪ್ಪಿನಲ್ಲಿಟ್ಟಿದ್ದ ಏಣಿಯನ್ನು ಈ ಸಂಜೆ ಬಂಧನ ತೋರಿಸಿ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು ಎಂದು ಸಾಹೇಬರ ಅಪ್ಪಣೆಯಾಗಿತ್ತು. ಒಮ್ಮೆ ಕೊಲೆ ಆರೋಪ ಹೊತ್ತು ಒಳಗೆ ಹೋದರೆ ಹುಡುಗನ ಆಟದ ವಯಸ್ಸು ಅಲ್ಲೇ ಮುಗಿಯುತ್ತದೆ. ಇನ್‌ಸ್ಪೆಕ್ಟರ್ ಸಂಜೆಯವರೆಗೆ ಸಮಯ ಕೇಳಿ ಇಲ್ಲಿಗೆ ಬಂದಿದ್ದ. ಏಕೆ ಕೇಳಿದನೆಂದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಹುಡುಗನ ಮೇಲಿನ ಕರುಣೆಯೇನೂ ಅಲ್ಲ. ಮೇಷ್ಟ್ರ ಹೆಣ ನೋಡಿದಾಗಿನಿಂದ ಅವನೊಳಗೆ ಹಲ್ಲು ಕೀಳಿಸಿಕೊಂಡ ದವಡೆಯ ಥರದ ಒಂದು ಜೋಮು. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಅಷ್ಟೇ. ತನಗೆ ಬ್ಯಾಟು ಹಿಡಿಯಲು ಕಲಿಸಿದ ಮನುಷ್ಯ. ಅಳು ಬರಬಹುದೆಂದು ಒಂದು ದಿನ ಕಾದ. ಬರಲಿಲ್ಲ. ಪಂಚನಾಮೆ ಬರೆದು ಊಟ ಮಾಡಿದ.

ಡ್ರೆಸ್ಸಿಂಗ್ ರೂಮಿನಲ್ಲಿ ಆಟಗಾರರು ಅವತ್ತು ಕೂತ ಜಾಗದಲ್ಲೇ ಕೂತಿದ್ದರು. ಹಾಗೆ ಕೂರಿರೆಂದು ಯಾರೂ ಹೇಳಿರಲಿಲ್ಲ. ಕಿಟಕಿಯಾಚೆ ಮೈದಾನದಲ್ಲಿ ಸ್ಟಂಪ್ ಕಿತ್ತು ಪಿಚ್ಚಿಗೆ ನೀರು ಬಿಡುತ್ತಿದ್ದರು. ಎಲ್ಲರೂ ಅದನ್ನೇ ನೋಡುತ್ತಿದ್ದರು.

ತಂಡಕ್ಕೆ ಎಪ್ಪತ್ತು ವರ್ಷ. ಕಾರಿಡಾರಿನ ಗೋಡೆಯಲ್ಲಿ ವರ್ಷಕ್ಕೊಂದು ಫೋಟೋ. ಮೊದಲನೆಯದರಲ್ಲಿ ಹನ್ನೊಂದು ಜನರದ್ದು ಹನ್ನೊಂದು ಥರದ ಪ್ಯಾಂಟು. ಅದರಲ್ಲಿ ಗುಮಾಸ್ತರಿದ್ದರು, ಡ್ರಿಲ್ ಮಾಸ್ತರಿದ್ದರು, ಎಂಜಿನ್ ಓಡಿಸುವ ಇಬ್ಬರಿದ್ದರು. ಆ ಫೋಟೋದಿಂದ ಈ ಫೋಟೋದವರೆಗೆ ಒಮ್ಮೆಯೂ ಫೈನಲ್ ಮುಟ್ಟಿರಲಿಲ್ಲ. ಗೆಲ್ಲುವುದಕ್ಕಿಂತ ಸೋಲದೆ ಉಳಿಯುವುದರಲ್ಲೇ ಪಳಗಿದ ತಂಡ. ಪೇಪರಿನವರು 'ಡ್ರಾ ಅಂಗಡಿ' ಎಂದು ಬರೆಯುತ್ತಿದ್ದರು. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸಿನಲ್ಲಿ ಮುಂದಿದ್ದವರು ಮೇಲಕ್ಕೆ ಹೋಗುತ್ತಾರೆ. ಮೊನ್ನೆ ಅದಕ್ಕೂ ಹತ್ತಿರ ಬಂದಿದ್ದರು. ಕ್ಯಾಪ್ಟನ್ನೂ ಒಬ್ಬ ಎಡಗೈ ಆಟಗಾರನೂ ಊಟದ ನಂತರ ಕದಲದೆ ನಿಂತು ಅಂತರವನ್ನು ಕರಗಿಸುತ್ತ ಬಂದರು. ಟೀಗೆ ಸ್ವಲ್ಪ ಮುಂಚೆ ಎಡಗೈಯವನು ಔಟಾದ. ಒಳಗಿದ್ದವರು ಎದ್ದು ಮೈ ಮುರಿದರು. ವಿಕೆಟ್ ಕೀಪರ್ ಕೈಗವಸು ತರಲು ಕಿಟ್ ಕೋಣೆಗೆ ಇಳಿದವನು ಅಲ್ಲಿಂದಲೇ ಕೂಗಿದ. ಪಂದ್ಯ ಅಲ್ಲಿಗೆ ನಿಂತಿತು. ಎದುರಿನವರ ಮೊತ್ತ ದಾಟಲು ಹತ್ತೊಂಬತ್ತು ರನ್ ಬಾಕಿ ಇತ್ತು. ಎದುರು ತಂಡ ಫೈನಲ್ಲಿಗೆ ಹೋಯಿತು.

ಆ ಜೊತೆಯಾಟ ನಡೆಯುವಷ್ಟು ಹೊತ್ತು ಯಾರೂ ಎದ್ದಿರಲಿಲ್ಲ. ಇದು ಒಂಬತ್ತೂ ಜನ ಬೇರೆಬೇರೆಯಾಗಿ ಕೊಟ್ಟ ಹೇಳಿಕೆ. ಎಂಟು ಆಟಗಾರರು, ಒಬ್ಬ ಮ್ಯಾನೇಜರ್. ಇನ್‌ಸ್ಪೆಕ್ಟರ್ ಅದನ್ನು ನಂಬಿದ್ದ. ನಂಬದಿರಲು ಕಾರಣವೇ ಇರಲಿಲ್ಲ. ಇಬ್ಬರು ಚೆನ್ನಾಗಿ ಆಡುತ್ತಿರುವಾಗ ಈ ರೂಮಿನಲ್ಲಿ ಯಾರೂ ಕೂತ ಜಾಗ ಬಿಡುವುದಿಲ್ಲ. ಬಿಟ್ಟರೆ ವಿಕೆಟ್ ಬೀಳುತ್ತದೆ. ನಲವತ್ತು ವರ್ಷದ ಹಿಂದೆ ಕೊನೆಯ ಜೋಡಿ ಒಂದು ಮಧ್ಯಾಹ್ನ ಪೂರ್ತಿ ನಿಂತು ಪಂದ್ಯ ಉಳಿಸಿತಂತೆ. ಆಟ ಹತ್ತಿಕೊಂಡ ಹೊತ್ತಿಗೆ ಒಬ್ಬ ಕಕ್ಕಸಿನಲ್ಲಿದ್ದ. ಅವನನ್ನು ಹೊರಗೆ ಬಿಡಲಿಲ್ಲ. ಬಾಗಿಲ ಕೆಳಗಿನಿಂದ ಪೇಪರ್ ತಳ್ಳಿದರು, ಓದಿಕೊಂಡಿರು ಎಂದು. ಅಂದಿನಿಂದ ಇದು ಕಟ್ಟಳೆ. ಮೀಸಲು ಆಟಗಾರನಾಗಿ ಒಂದೇ ಒಂದು ಸೀಸನ್ ಇಲ್ಲಿ ಕೂತೆದ್ದಿದ್ದ ಇನ್‌ಸ್ಪೆಕ್ಟರ್‌ಗೂ ಅದು ಶೂ ಲೇಸ್ ಕಟ್ಟುವಷ್ಟು ರೂಢಿಯಾಗಿತ್ತು.

ಅವನು ಕಣ್ಣಲ್ಲೇ ಎಣಿಸಿದ. ಎಲ್ಲರೂ ಇದ್ದರು.

"ಬಾಗಿಲು ಹಾಕಿ," ಎಂದು ಜೊತೆಗೆ ಬಂದಿದ್ದ ಹೆಡ್ ಕಾನ್‌ಸ್ಟೇಬಲ್‌ಗೆ ಹೇಳಿದ. "ಒಂಬತ್ತೂ ಜನ ಇದಾರೆ."

ಆಕೆ ಬಾಗಿಲು ಹಾಕಲಿಲ್ಲ. ಕ್ರಿಕೆಟ್ಟೆಂದರೆ ತನ್ನ ಗಂಡ ಕೆಲಸ ತಪ್ಪಿಸುವ ಉಪಾಯ ಎಂದು ತಿಳಿದಿದ್ದ ಹೆಂಗಸು.

"ಎಂಟು ಸರ್."

"ಒಂಬತ್ತು," ಎಂದ ಇನ್‌ಸ್ಪೆಕ್ಟರ್.

"ಒಂಬತ್ತು," ಎಂದ ಮ್ಯಾನೇಜರ್. ಮೂಲೆಯಿಂದ ವಿಕೆಟ್ ಕೀಪರ್ ಕೂಡ ಅದನ್ನೇ ಅಂದ.

ಆಕೆ ಶಾಲೆಯಲ್ಲಿ ಹಾಜರಿ ಕರೆಯುವ ಹಾಗೆ ಬೆರಳು ತೋರಿಸುತ್ತ ಒಬ್ಬೊಬ್ಬರನ್ನೇ ಎಣಿಸಿದಳು. ಎಂಟಕ್ಕೆ ನಿಂತಿತು. ಬಾಗಿಲ ಪಕ್ಕದ ಕೊನೆಯ ಕುರ್ಚಿಯ ಕಡೆ ಬೆರಳು ಹಾಗೇ ನಿಂತಿತು. ಅದರ ಮೇಲೆ ಬಣ್ಣ ಹೋದ ಒಂದು ಟೋಪಿ ಇತ್ತು.

"ಇದನ್ನೂ ಲೆಕ್ಕಕ್ಕೆ ಹಿಡಿದ್ರಾ ಸರ್?"

ಇನ್‌ಸ್ಪೆಕ್ಟರ್ ಟೋಪಿಯನ್ನು ನೋಡಿದ. ಹಿಡಿದಿದ್ದ. ಅವನ ಕಣ್ಣು ಆ ಕುರ್ಚಿಯ ಮೇಲೆ ಹಾದುಹೋಗುವಾಗ ಅಲ್ಲಿ ಆಫ್‌ಸ್ಪಿನ್ನರ್ ಕೂತಿದ್ದಾನೆಂದೇ ಎಣಿಸಿತ್ತು.

ಅದೂ ಕಟ್ಟಳೆಯೇ, ತಿದ್ದುಪಡಿ ಮಾತ್ರ. ಕಕ್ಕಸಿನ ಘಟನೆಯಾದ ಕೆಲವು ವರ್ಷಕ್ಕೆ ತಂಡದಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಹಿರಿಯನಿದ್ದ. ಅವನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಆಗಿನ ಕ್ಯಾಪ್ಟನ್ ತೀರ್ಪು ಕೊಟ್ಟ: ಎದ್ದು ಹೋಗುವವನು ಕುರ್ಚಿಯ ಮೇಲೆ ಟೋಪಿ ಇಟ್ಟರೆ ಅವನು ಕೂತ ಹಾಗೇ ಲೆಕ್ಕ, ಯಾರೂ ಅದರ ಮಾತೆತ್ತಬಾರದು. ಮಾತೆತ್ತಿದರೆ ಅದೃಷ್ಟಕ್ಕೆ ಗೊತ್ತಾಗಿಬಿಡುತ್ತದೆ. ಮೂವತ್ತು ಚಿಲ್ಲರೆ ವರ್ಷದಿಂದ ಯಾರೂ ಎತ್ತಿರಲಿಲ್ಲ. ಕೊನೆಕೊನೆಗೆ ಯಾರಿಗೂ ಕಾಣಿಸುವುದೂ ನಿಂತುಹೋಗಿತ್ತು.

ಇನ್‌ಸ್ಪೆಕ್ಟರ್ ವಿಕೆಟ್ ಕೀಪರನ ಕಡೆ ತಿರುಗಿದ. ಮೊನ್ನೆ ಈ ಕುರ್ಚಿಯಲ್ಲಿ ಇದ್ದದ್ದು ತಂಡದವರು ತಾತ ಎನ್ನುವ ಆ ಸ್ಪಿನ್ನರೋ ಅವನ ಟೋಪಿಯೋ ಎಂದು ಕೇಳಿದ.

ಕೀಪರ್ ಬಹಳ ಹೊತ್ತು ಯೋಚಿಸಿದ. ಸುಳ್ಳು ಹುಡುಕುತ್ತಿದ್ದ ಹಾಗೆ ಕಾಣಲಿಲ್ಲ.

"ತಾತ ಇದ್ದ ಸರ್. ಅಥವಾ ಟೋಪಿ. ನಮಗೆ ಎರಡೂ ಒಂದೇ ಅಲ್ವಾ."

ಉಳಿದವರ ಕುರ್ಚಿಗಳ ಬಗ್ಗೆಯೂ ಕೇಳಿದ. ಒಬ್ಬೊಬ್ಬರನ್ನು ಕೇಳುತ್ತ ಹೋದಂತೆ ಒಂಬತ್ತು ಹೇಳಿಕೆಗಳು ನೆನೆದ ಗೋಡೆಯ ಸುಣ್ಣದಂತೆ ಕಳಚಿಬಿದ್ದವು. ಯಾರು ಕೂತಿದ್ದರು, ಯಾರ ಟೋಪಿ ಕೂತಿತ್ತು ಎಂದು ಖಡಾಖಂಡಿತವಾಗಿ ಹೇಳುವವರು ಒಬ್ಬರೂ ಇರಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ. ಎಲ್ಲರೂ ಪ್ರಾಮಾಣಿಕವಾಗಿ ತಪ್ಪು ಹೇಳಿದ್ದರು.

ಮ್ಯಾನೇಜರ್ ಮಾತ್ರ ಮೆಲ್ಲಗೆ, ಇದೆಲ್ಲ ಪೇಪರಿಗೆ ಹೋಗುವುದಿಲ್ಲ ತಾನೇ ಎಂದು ಕೇಳಿದ.

ಇನ್‌ಸ್ಪೆಕ್ಟರ್ ಹಿಂದಿನ ಮೆಟ್ಟಿಲಿಳಿದ. ಒಂದು ವಿಷಯ ಅವನಿಗೆ ಸ್ಪಷ್ಟವಿತ್ತು. ಏಣಿ ಇನ್ನು ಒಬ್ಬಂಟಿಯಲ್ಲ. ಸಾಕ್ಷಿಯಿಲ್ಲದ ಇನ್ನೊಬ್ಬ ಸಿಕ್ಕರೆ ಸಾಹೇಬರ ಬಾಯಿ ಕಟ್ಟಬಹುದು.

ಆ ಇನ್ನೊಬ್ಬ ನೀರಿನ ಟ್ಯಾಂಕಿನ ನೆರಳಲ್ಲಿ ಸಿಗರೇಟು ಸೇದುತ್ತ ನಿಂತಿದ್ದ. ವಯಸ್ಸು ನಲವತ್ತೂ ದಾಟಿರಲಿಲ್ಲ, ಆದರೆ ತಂಡದಲ್ಲಿ ಅವನಿಗಿಂತ ಹಳಬರಿಲ್ಲದೆ ತಾತ ಆಗಿದ್ದ. ಚೆಂಡು ತಿರುಗಿಸಿ ತಿರುಗಿಸಿ ತೋರುಬೆರಳು ಒಣಗಿದ ಹಾಗಲಕಾಯಿಯಂತಾಗಿತ್ತು. ಇನ್‌ಸ್ಪೆಕ್ಟರ್ ಮೀಸಲು ಆಟಗಾರನಾಗಿದ್ದ ವರ್ಷವೇ ಅವನೂ ತಂಡಕ್ಕೆ ಬಂದವನು. ಏಣಿಯ ಅಕ್ಕನನ್ನು ಮದುವೆಯಾಗಿದ್ದ. ಹುಡುಗನನ್ನು ತಂಡಕ್ಕೆ ಕರೆತಂದವನೂ ಅವನೇ.

ಟ್ಯಾಂಕಿನಿಂದ ಕಿಟ್ ಕೋಣೆಯ ಬಾಗಿಲು ನೇರವಾಗಿ ಕಾಣುತ್ತಿತ್ತು. ಈಗ ಅದಕ್ಕೆ ಪೊಲೀಸರ ಸೀಲು.

"ನೀನು ಮೊನ್ನೆಯೂ ಇಲ್ಲೇ ಇದ್ದೆ," ಎಂದ ಇನ್‌ಸ್ಪೆಕ್ಟರ್. ಅದು ಪ್ರಶ್ನೆಯಾಗಿರಲಿಲ್ಲ.

"ಟೋಪಿ ಮೇಲೇ ಇತ್ತಲ್ಲ ಸರ್."

"ಟೋಪಿ ಬಂದು ಕೋರ್ಟಲ್ಲಿ ನಿಲ್ಲಲ್ಲ. ಎದ್ದಿಲ್ಲ ಅಂತ ಸೈನ್ ಹಾಕಿದೀಯ."

ತಾತ ಹೊಗೆ ಬಿಟ್ಟ. ನಮ್ಮ ಲೆಕ್ಕದಲ್ಲಿ ಎದ್ದಿಲ್ಲ, ನಿಮಗೂ ಗೊತ್ತು, ನೀವೂ ಇದೇ ರೂಮಲ್ಲಿ ಟವೆಲ್ ಮಡಿಸಿದವರು ಎಂದ. ಚುಚ್ಚಲೆಂದೇ ಅಂದ ಮಾತು. ಇನ್‌ಸ್ಪೆಕ್ಟರ್‌ಗೆ ಎಲ್ಲೂ ಚುಚ್ಚಲಿಲ್ಲ.

"ನಿನ್ ಹೆಂಡತಿ ಎರಡು ದಿನದಿಂದ ಠಾಣೆ ಬೆಂಚ್ ಮೇಲೆ ಕೂತಿದಾಳೆ," ಎಂದ. "ತಮ್ಮನ ಪರ ಮಾತಾಡೋರು ಒಬ್ರೂ ಇಲ್ವಾ ಅಂತ ಬಂದೋರನ್ನೆಲ್ಲ ಕೇಳ್ತಾಳೆ."

"ನನ್ನನ್ನೂ ಕೇಳ್ತಾಳೆ."

"ಏನ್ ಹೇಳ್ತೀಯ?"

"ಊಟ ಮಾಡು ಅಂತೀನಿ."

ಸಿಗರೇಟಿನ ಬೂದಿ ಉದ್ದವಾಗಿ ಬಾಗಿತು. ಅವನು ಕೊಡವಲಿಲ್ಲ.

ಇನ್‌ಸ್ಪೆಕ್ಟರ್ ನೇರವಾಗಿಯೇ ಕೇಳಿದ. ಮೇಷ್ಟ್ರು ಈ ಸೀಸನ್ ಮುಗಿಯುತ್ತಲೇ ನಿನ್ನನ್ನು ಕೈಬಿಡುತ್ತಾರೆಂಬ ಮಾತಿತ್ತು; ಅವತ್ತು ನೀನು ಕೂತಿರಲಿಲ್ಲ; ಈ ಬಾಗಿಲಿಗೂ ನಿನಗೂ ನಡುವೆ ಇದ್ದದ್ದು ಈ ಟ್ಯಾಂಕಿನ ನೆರಳು ಮಾತ್ರ. ಒಳಗೆ ಹೋದವನು ನೀನೇ ಏನು?

"ನಾನಲ್ಲ."

ತಾತ ಸಿಗರೇಟನ್ನು ಗೋಡೆಗೆ ಉಜ್ಜಿ ಆರಿಸಿದ. ಆರಿದ ಮೇಲೂ ಉಜ್ಜುತ್ತಲೇ ಇದ್ದ.

"ಅವನು ಹೋದ," ಎಂದ. "ನಮ್ಮ ಏಣಿ. ಸಮಾಧಾನ ಆಯ್ತಾ ನಿಂಗೆ?"

ಸರ್ ಎನ್ನುವುದು ಬಿಟ್ಟುಹೋಗಿತ್ತು. ಇಬ್ಬರೂ ಗಮನಿಸಲಿಲ್ಲ.

ಆಮೇಲಿನದು ನಿಧಾನವಾಗಿ ಬಂತು, ಕೆಲವನ್ನು ಎರಡೆರಡು ಸಲ ಕೇಳಬೇಕಾಯಿತು. ಏಣಿ ಕುಂಟುತ್ತ ಫಿಸಿಯೋ ಕೋಣೆಯಿಂದ ಬಂದ. ಕಿಟ್ ಕೋಣೆಯ ಬಾಗಿಲು ದೂಡಿ ಒಳಗೆ ಹೋದ. ಮಾತು ಕೇಳಿಸಿತು, ಏನೆಂದು ತಿಳಿಯಲಿಲ್ಲ. ಜಗಳದ ಧ್ವನಿಯಂತೂ ಆಗಿರಲಿಲ್ಲ. ಅರ್ಧ ಸಿಗರೇಟು ಸೇದುವಷ್ಟರಲ್ಲಿ ಹೊರಗೆ ಬಂದು ಬಾಗಿಲೆಳೆದುಕೊಂಡ. ತೋಳಲ್ಲಿ ಮುಖ ಒರೆಸಿಕೊಂಡ. ಟ್ಯಾಂಕಿನ ಕಡೆ ತಿರುಗಿ ಭಾವನನ್ನು ನೋಡಿದ. ಏನೂ ಹೇಳದೆ ಕುಂಟುತ್ತ ವಾಪಸ್ ಹೋದ. ತಾತ ತಾನು ಎದ್ದೆನೆಂದು ಒಪ್ಪಿಕೊಂಡಿದ್ದರೆ ಕಂಡದ್ದನ್ನೂ ಹೇಳಬೇಕಾಗುತ್ತಿತ್ತು. ಅದಕ್ಕೇ ಎದ್ದಿರಲಿಲ್ಲ.

ಇನ್‌ಸ್ಪೆಕ್ಟರ್ ಕೇಳಿಸಿಕೊಂಡ. ಹುಡುಗನನ್ನು ಬಿಡಿಸಲು ಬಂದು ಅವನ ವಿರುದ್ಧವೇ ಕಣ್ಣಾರೆ ಕಂಡ ಸಾಕ್ಷಿಯನ್ನು ಅಗೆದು ತೆಗೆದಿದ್ದ, ಅದೂ ಸ್ವಂತ ಭಾವನನ್ನು. ಸಾಹೇಬರು ಬೆನ್ನು ತಟ್ಟಿಯಾರು. ಇದನ್ನು ಬೇಸರದಿಂದ ಯೋಚಿಸಬೇಕಿತ್ತು. ಬಸ್ಸಿನ ವೇಳೆ ಯೋಚಿಸಿದ ಹಾಗೆ ಯೋಚಿಸಿದ.

ಕೇಳಲೇಬೇಕಾದ ಒಂದು ಪ್ರಶ್ನೆ ಉಳಿದಿತ್ತು. ಕೇಳಿದ.

"ಅವನು ಹೋದ್ಮೇಲೆ ಒಳಗಿಂದ ಏನಾದ್ರೂ ಸದ್ದು ಬಂತಾ?"

"ಏನಿಲ್ಲ. ಬ್ಯಾಟ್ ಬಡೀತಿದ್ರು, ಅಷ್ಟೇ."

"ಯಾವಾಗ?"

"ಯಾವಾಗ ಅಂದ್ರೆ? ಅವನು ಬರೋಕೆ ಮುಂಚೆನೂ ಬಡೀತಿದ್ರು. ಅವನು ಒಳಗಿದ್ದಾಗ ನಿಂತಿತ್ತು. ಹೋದ್ಮೇಲೆ ಮತ್ತೆ ಶುರುವಾಯ್ತು. ನಾನು ಮೆಟ್ಲು ಹತ್ತೋವಾಗ್ಲೂ ಟಕ್ ಟಕ್ ಅಂತಾನೇ ಇತ್ತು."

"ಯಾರು ಬಡೀತಿದ್ರು?"

"ಮೇಷ್ಟ್ರೇ ಇರ್ಬೇಕು, ಅವರು ತಾನೆ ಒಳಗಿದ್ದಿದ್ದು. ಅವರು..."

ತಾತ ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಎಡಗೈ ಬ್ಯಾಟು ಹಿಡಿದ ಹಾಗೆ, ಬಲಗೈ ಬಡಿಯುವ ಹಾಗೆ ಅರ್ಧ ಎದ್ದಿತ್ತು. ಹಾಗೇ ನಿಂತಿತು.

ಹೊಸ ಬ್ಯಾಟನ್ನು ಹಾಗೇ ಆಟಕ್ಕೆ ಒಯ್ಯುವುದಿಲ್ಲ. ಗಂಟೆಗಟ್ಟಲೆ ಬಡಿದು ಮರವನ್ನು ಹದಕ್ಕೆ ತರಬೇಕು; ಇಲ್ಲದಿದ್ದರೆ ಮೊದಲ ಚೆಂಡಿಗೇ ಸೀಳುತ್ತದೆ. ಎಲ್ಲ ತಂಡಗಳಲ್ಲೂ ದಿನವಿಡೀ ಯಾರಾದರೊಬ್ಬರು ಬಡಿಯುತ್ತಲೇ ಇರುತ್ತಾರೆ. ಗಡಿಯಾರದ ಸದ್ದಿನ ಹಾಗೆ ಅದು ಯಾರ ಕಿವಿಗೂ ಬೀಳುವುದಿಲ್ಲ. ಆದರೆ ಅದಕ್ಕೆ ಎರಡು ಕೈ ಬೇಕು. ಮೇಷ್ಟ್ರ ಬಲಗೈ ಕೊರಳಿಗೆ ಜೋತುಬಿದ್ದಿತ್ತು.

ಕಿಟ್ ಕೋಣೆಯಲ್ಲಿ ಹೆಣದ ಪಕ್ಕ ಅರ್ಧ ಬಡಿದ ಹೊಸ ಬ್ಯಾಟೊಂದನ್ನು ಒರಗಿಸಿದ್ದದ್ದು ಇನ್‌ಸ್ಪೆಕ್ಟರ್‌ಗೆ ಈಗ ನೆನಪಾಯಿತು. ಸ್ಟಿಕ್ಕರ್ ಕೂಡ ಹಚ್ಚಿರಲಿಲ್ಲ. ಬಡಿಯುವ ಸುತ್ತಿಗೆ ಮಾತ್ರ ಎಲ್ಲೂ ಕಂಡಿರಲಿಲ್ಲ.

"ನಿಮ್ಮ ತಂಡದ ಸುತ್ತಿಗೆ ಎಂಥದ್ದು? ಪೂರ್ತಿ ಮರದ್ದಾ?"

"ಅಲ್ಲ," ಎಂದ ತಾತ. "ಮರದ ಹಿಡಿ. ತುದೀಲಿ ಹಳೇ ಚೆಂಡು ಕೂರಿಸಿರ್ತೀವಿ."

ಹೊಲಿಗೆಯ ಅಚ್ಚು. ಯಾರೂ ಚೆಂಡು ಎಸೆದಿರಲಿಲ್ಲ. ವೇಗದ ಬೌಲರ್ ಬೇಕಾಗಿಯೇ ಇರಲಿಲ್ಲ. ಬ್ಯಾಟು ಬಡಿಯುತ್ತ ಕೂತವನು ಎದ್ದು ಹಿಂದೆ ನಿಂತು ಒಂದೇ ಒಂದು ಸಲ ಬೇರೆ ಕಡೆ ಬಡಿದಿದ್ದ.

ಏಣಿ ಒಳಗೆ ಹೋದಾಗ ಸದ್ದು ನಿಂತಿತ್ತು ಎಂದರೆ, ಬಡಿಯುತ್ತಿದ್ದವನು ತಲೆಯೆತ್ತಿ ಅವನನ್ನು ನೋಡಿದ್ದ. ಅಲ್ಲಿ ಯಾರಿದ್ದಾರೆಂದು ಏಣಿಯೂ ನೋಡಿದ್ದ. ನೋಡಿಯೂ ಎರಡು ರಾತ್ರಿ ಲಾಕಪ್ಪಿನ ಗೋಡೆಗೊರಗಿ, ಮೇಜು ಬಿಟ್ಟು ಏಳಲಿಲ್ಲ ಎಂಬ ಒಂದೇ ಮಾತು ಹೇಳುತ್ತಿದ್ದ.

"ಯಾರನ್ನ ನೋಡಿದ ಅಂತ ಹೇಳಿದ್ನಾ ನಿಂಗೆ?"

ತಾತ ತಲೆಯಾಡಿಸಿದ. ನಿನ್ನೆ ಲಾಕಪ್ಪಿಗೆ ಹೋದಾಗ ಹುಡುಗ ಒಂದೇ ಒಂದು ಮಾತಾಡಿದನಂತೆ. ಸರಳಿನ ಹತ್ತಿರ ಬಂದು, ಅಕ್ಕ ಕೇಳದ ಹಾಗೆ.

"'ಭಾವ, ಅವತ್ತು ನೀನು ಕುರ್ಚೀಲೇ ಕೂತಿದ್ದೆ. ಯಾರು ಎಷ್ಟು ಕೇಳಿದ್ರೂ ಏಳ್ಬೇಡ.' ನನ್ನನ್ನ ಉಳಿಸ್ತಿದಾನೆ ಅನ್ಕೊಂಡೆ ನಾನು. ನಾನೇನ್ ಮಾಡಿದೀನಿ ಅಂತ ಉಳಿಸ್ತಾನೆ? ಬಡೀತಿದ್ದೋನನ್ನ ಉಳಿಸ್ತಿದಾನೆ."

ಮೇಲಿನ ಮೆಟ್ಟಿಲಲ್ಲಿ ಬೂಟಿನ ಸದ್ದಾಯಿತು. ಹೆಡ್ ಕಾನ್‌ಸ್ಟೇಬಲ್ ಫೋನು ಕೈಯಲ್ಲಿ ಹಿಡಿದೇ ಇಳಿದು ಬಂದಳು. ತಾತನನ್ನು ಕಂಡು ಒಂದು ಕ್ಷಣ ತಡೆದಳು, ಆಮೇಲೆ ಹೇಳಿಯೇಬಿಟ್ಟಳು. ಸಾಹೇಬರು ಸಂಜೆಯವರೆಗೆ ಕಾಯಲಿಲ್ಲವಂತೆ. ಏಣಿಯೇ ಹೇಳಿ ಕಳಿಸಿದನಂತೆ, ಈಗಲೇ ಕರೆದುಕೊಂಡು ಹೋಗಿ ಎಂದು.

"ಮ್ಯಾಜಿಸ್ಟ್ರೇಟ್ ಮುಂದೆ ಒಪ್ಕೊಂಡಿದಾನೆ ಸರ್. ನಾನೇ ಚೆಂಡು ಎಸೆದೆ, ತಲೆಗೆ ಬಿತ್ತು ಅಂತ."

"ಚೆಂಡು ಎಸೆದೆ ಅಂದ್ನಾ?"

"ಹೌದು ಸರ್. ಎರಡು ಸಲ ಕೇಳಿದ್ರಂತೆ. ಎರಡು ಸಲಾನೂ ಹಾಗೇ ಅಂದ."

ತಾತ ಟ್ಯಾಂಕಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ತಾನು ಈಗಲೇ ಬರುತ್ತೇನೆ, ಕೇಳಿಸಿದ್ದನ್ನೆಲ್ಲ ಬರೆದುಕೊಡುತ್ತೇನೆ ಎಂದ. ಇನ್‌ಸ್ಪೆಕ್ಟರ್ ಬೇಡವೆನ್ನಲಿಲ್ಲ. ಅದು ಏನಕ್ಕೂ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆರೋಪಿಯ ಅಕ್ಕನ ಗಂಡ. ಕುರ್ಚಿ ಬಿಟ್ಟು ಎದ್ದೇ ಇಲ್ಲವೆಂದು ಮೊನ್ನೆಯೇ ಸಹಿ ಹಾಕಿದವನು. ತಪ್ಪೊಪ್ಪಿಗೆಯಾದ ಮೇಲೆ ಬಂದು, ಟಕ್ ಟಕ್ ಸದ್ದು ಕೇಳಿಸಿತು ಎನ್ನುವವನು. ಯಾವ ವಕೀಲನಿಗೂ ಅವನನ್ನು ಕೆಡವಲು ಎದ್ದು ನಿಲ್ಲುವ ಅಗತ್ಯವೂ ಬೀಳದು.

ಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಎಂಟು ಜನ ಇನ್ನೂ ಕೂತೇ ಇದ್ದರು. ಅವರಲ್ಲಿ ಯಾರು ಮೊನ್ನೆ ನಿಜವಾಗಿ ಕೂತಿದ್ದರೆಂದು ಈಗ ಯಾರೂ ಹೇಳಲಾರರು. ಬಡಿಯುತ್ತಿದ್ದವನು ಆ ಎಂಟರಲ್ಲಿ ಇರಬಹುದು. ಇಲ್ಲದೆಯೂ ಇರಬಹುದು. ಅವನ ಹೆಸರೂ ಅವನನ್ನು ಉಳಿಸುವ ಕಾರಣವೂ ಗೊತ್ತಿದ್ದವನು ಒಬ್ಬನೇ, ಅವನು ಕೊಲೆಯನ್ನು ತನ್ನ ತಲೆಗೆ ಕಟ್ಟಿಕೊಂಡು ಜೈಲಿನ ಗಾಡಿ ಹತ್ತಿದ್ದ.

ಇನ್‌ಸ್ಪೆಕ್ಟರ್ ಫೋನು ತೆಗೆದುಕೊಂಡು ಕಿವಿಗೆ ಹಿಡಿದ. ಸಾಹೇಬರು ಖುಷಿಯಾಗಿದ್ದರು. ಇವತ್ತಿನ ವರದಿಯಲ್ಲಿ ಏನು ಬರೆಯಲಿ ಎಂದು ಕೇಳಿದರು.

ಕಳೆದುಹೋದದ್ದನ್ನೆಲ್ಲ ಅವನು ಮನಸ್ಸಿನಲ್ಲೇ ಎಣಿಸಿದ. ಒಂದು ಜೀವ. ಒಂದು ಫೈನಲ್, ಹತ್ತೊಂಬತ್ತು ರನ್ನಿಗೆ. ಒಂಬತ್ತು ಜನರ ಹೇಳಿಕೆ. ಇಪ್ಪತ್ತಾರು ವರ್ಷದ ಒಬ್ಬ ಬೌಲರ್.